ಸೋಮನಾಥಪುರದಿಂದ ಮುತ್ತತ್ತಿಗೆ: ಎರಡು ದಿನ, ಒಂದೇ ಹೊಳೆ

ಶನಿವಾರ ಬೆಳಗಿನ ಐದೂವರೆಗೆ ಬೆಂಗಳೂರು ಬಿಟ್ಟರೆ ಕನಕಪುರ ರಸ್ತೆ ಬೈಕಿನವರ ಪಾಲಿಗೆ ಸಿಗುತ್ತದೆ. ಏಳು ದಾಟಿತೆಂದರೆ ಅದು ಕಾರುಗಳ ರಸ್ತೆ. ಕನಕಪುರದ ಆಚೆ ಹಿಪ್ಪುನೇರಳೆ ತೋಟಗಳು ಶುರುವಾಗುತ್ತವೆ. ಸಾತನೂರು, ಹಲಗೂರು, ಮಳವಳ್ಳಿ ದಾಟುವ ಹೊತ್ತಿಗೆ ರಾಗಿ ಹೊಲಗಳು ಹಿಂದೆ ಸರಿದು ಕಬ್ಬು, ಭತ್ತ ಕಾಣತೊಡಗುತ್ತವೆ. ನಾಲೆಯ ನೀರಿನ ತಂಪು ಮುಖಕ್ಕೆ ತಾಗಿದಾಗಲೇ ಕಾವೇರಿ ಸೀಮೆ ಬಂತೆಂದು ಗೊತ್ತಾಗುತ್ತದೆ. ಕಿರುಗಾವಲು ಹಾದು, ಕುರಿತಳಿಗೆ ಹೆಸರಾದ ಬನ್ನೂರಿನಲ್ಲಿ ಎಡಕ್ಕೆ ಹೊರಳಿದರೆ ಸೋಮನಾಥಪುರ. ಬೆಂಗಳೂರಿನಿಂದ ಸುಮಾರು 140 ಕಿಲೋಮೀಟರ್.

ನಾವು ಮೂವರು, ಎರಡು ಗಾಡಿ. ಒಂದು ಹಳೆಯ ಯೆಜ್ಡಿ. ಅದನ್ನು ತಯಾರಿಸುತ್ತಿದ್ದ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಬಾಗಿಲು ಮುಚ್ಚಿದರೂ ಈ ಸೀಮೆಯಲ್ಲಿ ಆ ಗಾಡಿಯ ಸದ್ದಿಗೆ ಇನ್ನೂ ಮರ್ಯಾದೆಯಿದೆ. ಬನ್ನೂರಿನ ಟೀ ಅಂಗಡಿಯಲ್ಲಿ ಹಿರಿಯರೊಬ್ಬರು ಹತ್ತಿರ ಬಂದು ಟ್ಯಾಂಕಿನ ಮೇಲೆ ಕೈಯಿಟ್ಟು, ‘ನಮ್ಮ ಮೈಸೂರು ಗಾಡಿ’ ಎಂದರು. ಆಮೇಲೆ ಟೀ ದುಡ್ಡನ್ನೂ ಅವರೇ ಕೊಟ್ಟರು.

ಸೋಮನಾಥಪುರದಲ್ಲಿ ಬಾಗಿಲು ತೆರೆದ ಕೂಡಲೇ ಕೇಶವ ದೇವಾಲಯದ ಒಳಗಿರಬೇಕು. ಎಳೆಬಿಸಿಲು ಗೋಡೆಗೆ ಓರೆಯಾಗಿ ಬೀಳುವಾಗ ಬಳಪದ ಕಲ್ಲಿನ ಒಂದೊಂದು ಸರಿಗೆ, ಒಂದೊಂದು ಬೆರಳು ಎದ್ದು ನಿಲ್ಲುತ್ತವೆ. ಬಿಸಿಲು ನೆತ್ತಿಗೇರಿದ ಮೇಲೆ ಅದೇ ಗೋಡೆ ಚಪ್ಪಟೆಯಾಗಿಬಿಡುತ್ತದೆ. ಹೊಯ್ಸಳ ದೊರೆ ಮೂರನೇ ನರಸಿಂಹನ ದಂಡನಾಯಕ ಸೋಮನಾಥ ತನ್ನ ಹೆಸರಿನಲ್ಲೊಂದು ಅಗ್ರಹಾರ ಕಟ್ಟಿ, 1258ರಲ್ಲಿ ಈ ಗುಡಿಯನ್ನು ಪ್ರತಿಷ್ಠೆ ಮಾಡಿಸಿದ. ನಕ್ಷತ್ರದಾಕಾರದ ಜಗತಿ, ಅದರ ಮೇಲೆ ಮೂರು ಗರ್ಭಗುಡಿ, ಮೂರು ಶಿಖರ, ಅಂಗಳದ ಸುತ್ತ ಕೈಸಾಲೆಯಲ್ಲಿ 64 ಪುಟ್ಟ ಗುಡಿಗಳು. ಬೇಲೂರು, ಹಳೇಬೀಡಿನಲ್ಲಿ ಶಿಖರಗಳು ಉಳಿದಿಲ್ಲ. ಹೊಯ್ಸಳರ ದೊಡ್ಡ ಗುಡಿಯೊಂದು ಬುಡದಿಂದ ತುದಿಯವರೆಗೆ ಹೇಗಿತ್ತೆಂದು ನೋಡಬೇಕಾದರೆ ಇಲ್ಲಿಗೇ ಬರಬೇಕು. 2023ರಲ್ಲಿ ಈ ಮೂರೂ ಊರುಗಳ ಗುಡಿಗಳು ಒಟ್ಟಾಗಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿ ಸೇರಿದವು.

ಗೋಡೆಯ ಬುಡದ ಪಟ್ಟಿಕೆಗಳನ್ನು ಕೆಳಗಿನಿಂದ ಓದುತ್ತ ಹೋಗಬೇಕು: ಆನೆ, ಕುದುರೆ ಸವಾರರು, ಬಳ್ಳಿ, ಪುರಾಣದ ಕಥೆಗಳು, ಮಕರ, ಹಂಸ. ಆನೆಗಳ ಸಾಲು ಮೇಲ್ನೋಟಕ್ಕೆ ಒಂದೇ ತರ. ಕುಕ್ಕರಗಾಲಲ್ಲಿ ಕೂತು ನೋಡಿದರೆ ಒಂದರ ಸೊಂಡಿಲು ಇನ್ನೊಂದರದಂತಿಲ್ಲ. ಒಳಗೆ ತಿರುಗಣೆಯಲ್ಲಿ ಕಡೆದ ಕಂಬಗಳ ನಡುವೆ ಕತ್ತೆತ್ತಿ ನಿಂತರೆ ಹದಿನಾರು ಭುವನೇಶ್ವರಿಗಳು, ಅಂದರೆ ಕೆತ್ತನೆಯ ಚಾವಣಿಗಳು. ಅವುಗಳ ನಡುವಿನಿಂದ ಬಾಳೆಯ ಮೂತಿ ಕಲ್ಲಾಗಿ ಇಳಿಬಿದ್ದಿದೆ, ಕೆಲವು ಮೊಗ್ಗು, ಕೆಲವು ಎಸಳು ಬಿಚ್ಚಿದವು. ಹೊರಗಿನ ತೋಟದಲ್ಲಿ ದಿನಾ ಕಂಡದ್ದನ್ನು ಶಿಲ್ಪಿ ದೇವರ ನೆತ್ತಿಯ ಮೇಲೆ ತಂದಿಟ್ಟಿದ್ದಾನೆ.

ನನ್ನನ್ನು ಬಹಳ ಹೊತ್ತು ಹಿಡಿದು ನಿಲ್ಲಿಸಿದ್ದು ಮೂರ್ತಿಗಳ ಪೀಠದಲ್ಲಿರುವ ಕನ್ನಡ ಅಕ್ಷರಗಳು. ಮಲ್ಲಿತಮ್ಮ, ಮಸಣಿತಮ್ಮ, ಚೌಡಯ್ಯ ಎಂದು ಕೆತ್ತಿದವರು ತಮ್ಮ ಹೆಸರನ್ನು ಬಿಟ್ಟುಹೋಗಿದ್ದಾರೆ. ಮಲ್ಲಿತಮ್ಮನ ಹೆಸರಂತೂ ಮತ್ತೆ ಮತ್ತೆ ಸಿಗುತ್ತದೆ. ದೊರೆ, ದಂಡನಾಯಕರ ಹೆಸರು ಶಾಸನದಲ್ಲಿರುವುದು ಸಹಜ. ಉಳಿ ಹಿಡಿದವನ ಹೆಸರು ಅವನ ಕೆಲಸದ ಅಡಿಯಲ್ಲೇ ಇರುವುದು ಎಲ್ಲೆಡೆ ಸಿಗುವ ಭಾಗ್ಯವಲ್ಲ. ನಡುವಿನ ಗರ್ಭಗುಡಿಯ ಮೂಲ ಕೇಶವ ಈಗ ಅಲ್ಲಿಲ್ಲ. ಅಕ್ಕಪಕ್ಕದಲ್ಲಿ ಜನಾರ್ದನ, ವೇಣುಗೋಪಾಲ ಇದ್ದಾರೆ. ಪೂಜೆಯಿಲ್ಲದ ಗುಡಿ, ಗಂಟೆ ಸದ್ದಿಲ್ಲ. ಎರಡು ಗಂಟೆಯಾದರೂ ಇಲ್ಲಿ ಕಳೆಯದೆ ಗಾಡಿ ಹತ್ತಬಾರದು.

ಅಲ್ಲಿಂದ ಮುಂದೆ ಕಾವೇರಿ ಹರಿದತ್ತಲೇ ನಮ್ಮ ದಾರಿ. ತಲಕಾಡಿನ ಮರಳಿಗೆ ಬೇರೆಯೇ ಒಂದು ದಿನ ಬೇಕು, ಅದನ್ನು ಬಿಟ್ಟು ಬೆಳಕವಾಡಿಯ ಮೇಲೆ ಶಿವನಸಮುದ್ರಕ್ಕೆ ಹೋದೆವು. ಎರಡಾಗಿ ಸೀಳಿದ ನದಿ ಗಗನಚುಕ್ಕಿ, ಭರಚುಕ್ಕಿಯಾಗಿ ಧುಮುಕುವ ಜಾಗ. ಗಗನಚುಕ್ಕಿಯ ಬಳಿಯ ವಿದ್ಯುದಾಗಾರದಿಂದ 1902ರಲ್ಲಿ ಕರೆಂಟು ಸುಮಾರು 147 ಕಿಲೋಮೀಟರ್ ತಂತಿಯಲ್ಲಿ ಹರಿದು ಕೋಲಾರದ ಚಿನ್ನದ ಗಣಿ ಮುಟ್ಟಿತು. ಬೆಂಗಳೂರಿಗೆ ದೀಪ ಬಂದದ್ದು ಅದಾದ ಮೂರು ವರ್ಷಕ್ಕೆ. ಮಳೆಗಾಲ ಮುಗಿದ ಹೊಸತರಲ್ಲಿ ಹೋದರೆ ನೀರೂ ಇರುತ್ತದೆ, ರಸ್ತೆಯೂ ಒಣಗಿರುತ್ತದೆ.

ಹಲಗೂರಿನಲ್ಲಿ ಪೆಟ್ರೋಲ್ ತುಂಬಿಸಿಕೊಳ್ಳುವುದು ಒಳ್ಳೆಯದು. ಅಲ್ಲಿಂದ ಮುತ್ತತ್ತಿ ಕಡೆಗೆ ತಿರುಗಿದರೆ ಸ್ವಲ್ಪ ಹೊತ್ತಿನಲ್ಲೇ ಊರು ಮುಗಿದು ಕಾಡು. ದಾರಿಯಲ್ಲಿ ಎಮ್ಮೆ ಹೊಡೆದುಕೊಂಡು ಬರುತ್ತಿದ್ದವರೊಬ್ಬರು ಕೈಯಡ್ಡ ಮಾಡಿ, ‘ಬಿರ್‍ನೆ ಹೋಗ್ಬುಡಿ ಸಾರ್, ಕತ್ಲಾದ್ರೆ ಆನೆ ಬತ್ತವೆ’ ಎಂದರು. ಇಳಿಜಾರು, ತಿರುವು, ಎರಡೂ ಬದಿಗೆ ಬಿದಿರು ಮೆಳೆ, ಕುರುಚಲು. ಹಾರನ್ ಹೊಡೆಯಲು ಕೈ ಹೋಗುವುದಿಲ್ಲ. ಇದು ಕಾವೇರಿ ವನ್ಯಜೀವಿಧಾಮ, 1987ರಲ್ಲಿ ಘೋಷಣೆಯಾದದ್ದು. ಹೊಳೆದಂಡೆಯಲ್ಲಿ ಸಿಕ್ಕಲ್ಲಿ ಟೆಂಟ್ ಹೂಡುವಂತಿಲ್ಲ. ಭೀಮೇಶ್ವರಿಯಲ್ಲಿ ಜಂಗಲ್ ಲಾಡ್ಜಸ್‌ನವರ ಶಿಬಿರವಿದೆ, ಮುಂಚೆಯೇ ಕಾದಿರಿಸಿ ಬಂದರೆ ಹೊಳೆ ಕಾಣುವ ಟೆಂಟಿನಲ್ಲಿ ಮಲಗಬಹುದು. ಈ ಕಟ್ಟುಪಾಡು ನನಗೆ ಸರಿ ಅನ್ನಿಸುತ್ತದೆ. ರಾತ್ರಿ ಆ ದಂಡೆ ನೀರಿಗಿಳಿಯುವ ಪ್ರಾಣಿಗಳದ್ದು.

ಸಂಜೆ ದಂಡೆಯ ಹೊಳೆಮತ್ತಿ ಮರಗಳ ಕೆಳಗೆ ಕೂತೆವು. ಬಿಳಿ ತೊಗಟೆಯ ಆ ಮರಗಳ ಬೇರು ನೀರಿಗೇ ಇಳಿದಿರುತ್ತದೆ. ಈ ನೀರಿನಲ್ಲೇ ಗೂನುಬೆನ್ನಿನ ಮಹಶೀರ್ ಇದೆ. ಕಾವೇರಿ ಮತ್ತು ಅದರ ಉಪನದಿಗಳ ಹೊರಗೆ ಲೋಕದಲ್ಲೆಲ್ಲೂ ಸಿಗದ ಮೀನು. ಅದನ್ನು ಹಿಡಿಯಲೆಂದೇ ಒಂದು ಕಾಲಕ್ಕೆ ಹೊರದೇಶದವರು ಇಲ್ಲಿಗೆ ಬರುತ್ತಿದ್ದರು. ಇಷ್ಟು ಹೆಸರಾದ ಮೀನಿಗೆ ಖಚಿತವಾದ ವೈಜ್ಞಾನಿಕ ಹೆಸರು ಸಿಕ್ಕಿದ್ದು 2018ರಲ್ಲಿ, ಅದೇ ವರ್ಷ ಅದು ಅಳಿವಿನ ಅತಿ ಹತ್ತಿರವಿರುವ ಜೀವಿಗಳ ಕೆಂಪು ಪಟ್ಟಿಗೂ ಸೇರಿತು. ಕೆಳಗಡೆ ಮೇಕೆದಾಟುವಿನಲ್ಲಿ 67 ಟಿಎಂಸಿ ನೀರು ನಿಲ್ಲಿಸುವ ಅಣೆಕಟ್ಟಿನ ಯೋಜನೆಯಿದೆ. ಅದರಲ್ಲಿ ಮುಳುಗುವ ಜಾಗದ ಬಹುಪಾಲು ಕಾಡು. ಬೆಂಗಳೂರಿನ ನಲ್ಲಿ ನೀರು ಕುಡಿಯುವ ನಾನು ಆ ಯೋಜನೆ ಬೇಡವೆಂದು ಸುಲಭವಾಗಿ ಹೇಳಲಾರೆ. ಆದರೆ ಈ ದಂಡೆಯ ಮೇಲೆ ಒಂದು ರಾತ್ರಿ ಕಳೆದ ಮೇಲೆ ಬೇಕು ಎನ್ನಲೂ ಬಾಯಿ ಬರಲಿಲ್ಲ.

ಭಾನುವಾರ ಬೆಳಿಗ್ಗೆ ಮುತ್ತತ್ತಿರಾಯನ ಗುಡಿಗೆ ಹೋದೆವು. ಸೀತಮ್ಮನ ಉಂಗುರ ಹೊಳೆಯಲ್ಲಿ ಬಿದ್ದಾಗ ಹನುಮಂತ ಬಾಲವಾಡಿಸಿ ಹುಡುಕಿಕೊಟ್ಟನೆಂಬುದು ಇಲ್ಲಿಯ ಕಥೆ. ಡಾ. ರಾಜಕುಮಾರ್ ಹುಟ್ಟಿದಾಗ ಇಟ್ಟ ಹೆಸರು ಮುತ್ತುರಾಜ, ಅದು ಈ ದೇವರ ಹೆಸರೇ. ಭಾನುವಾರ ಹರಕೆ ಹೊತ್ತವರು ಸಂಸಾರ ಸಮೇತ ಬಂದು, ದಂಡೆಯಲ್ಲೇ ಒಲೆ ಹೂಡಿ ಅಡುಗೆ ಮಾಡುತ್ತಾರೆ. ನೀರು ಮೇಲ್ನೋಟಕ್ಕೆ ಸೌಮ್ಯ, ಅಡಿಯಲ್ಲಿ ಮಡು, ಸುಳಿ. ಈಜು ಬಲ್ಲವರೂ ಇಲ್ಲಿ ಜೀವ ಕಳೆದುಕೊಂಡಿದ್ದಾರೆ, ದಯವಿಟ್ಟು ಇಳಿಯಬೇಡಿ. ಮರಳಿನಲ್ಲಿ ಒಡೆದ ಬಾಟಲಿ ಚೂರು ಕಂಡಾಗ ಹೊಟ್ಟೆ ಉರಿಯಿತು. ನೀರಿಗೆ ಬರುವ ಆನೆಯ ಅಂಗಾಲಿಗೆ ಅದು ಚುಚ್ಚೀತು ಎಂಬ ಯೋಚನೆ ಕುಡಿದು ಎಸೆದವರಿಗೆ ಬರಲಿಲ್ಲವಲ್ಲ! ಸಿಕ್ಕಷ್ಟನ್ನು ಆಯ್ದು ಗಾಡಿಯ ಚೀಲಕ್ಕೆ ಹಾಕಿಕೊಂಡೆವು.

ವಾಪಸು ಹೊರಟಾಗ ಮುಂದಿದ್ದ ಯೆಜ್ಡಿ ತಟ್ಟನೆ ನಿಂತಿತು. ಗೆಳೆಯ ಎಂಜಿನ್ ಆರಿಸಿ ಮೇಲೆ ಬೊಟ್ಟು ಮಾಡಿದ. ದಾರಿಯ ಎರಡೂ ಬದಿಯ ಕೊಂಬೆಗಳು ಕೂಡಿಕೊಂಡಿದ್ದ ಕಡೆ ಬೂದುಬಣ್ಣದ ದೊಡ್ಡ ಅಳಿಲು, ಮೈಯಷ್ಟೇ ಉದ್ದದ ಬಾಲ ಇಳಿಬಿಟ್ಟು ನಮ್ಮನ್ನೇ ನೋಡುತ್ತಿತ್ತು. ಕರ್ನಾಟಕದಲ್ಲಿ ಅದು ಉಳಿದಿರುವುದು ಈ ಹೊಳೆಸಾಲಿನ ಕಾಡಿನಲ್ಲಿ. ಅದು ಆಚೆಯ ಮರಕ್ಕೆ ಹಾರಿ, ಎಲೆಗಳ ಅಲುಗಾಟ ನಿಂತ ಮೇಲೆ ಗೆಳೆಯ ಕಿಕ್ ಹೊಡೆದ.