ರಾಂಜಣಗಾಂವದ ಹೆದ್ದಾರಿಗೆ ಎಂಥ ಇಂಟರ್‌ಚೇಂಜ್ ಬೇಕು?

ಪುಣೆಯಿಂದ ಅಹಿಲ್ಯಾನಗರದ ಕಡೆ ಹೊರಟರೆ ವಾಘೋಲಿ, ಕೋರೆಗಾಂವ ಭೀಮಾ, ಸಣಸವಾಡಿ, ಶಿಕ್ರಾಪುರ ದಾಟಿ ಸುಮಾರು 50 ಕಿಲೋಮೀಟರಿಗೆ ರಾಂಜಣಗಾಂವ ಸಿಗುತ್ತದೆ. ಅಷ್ಟವಿನಾಯಕ ಯಾತ್ರೆಯ ಮಹಾಗಣಪತಿ ಗುಡಿ ಇಲ್ಲಿ ಹೆದ್ದಾರಿಯ ಮಗ್ಗುಲಲ್ಲೇ ಇದೆ. ಊರಿಗೆ ಹೊಂದಿಕೊಂಡು ಮಹಾರಾಷ್ಟ್ರ ಕೈಗಾರಿಕಾ ಅಭಿವೃದ್ಧಿ ನಿಗಮದ (ಎಂಐಡಿಸಿ) ಕೈಗಾರಿಕಾ ಪ್ರದೇಶ ಬೆಳೆದಿದೆ. ಕಾರು, ಫ್ರಿಜ್, ಟಿವಿ ಅಲ್ಲಿಂದ ಕಂಟೇನರ್ ಏರಿ ಹೊರಡುತ್ತವೆ. ಸುತ್ತಲಿನ ಶಿರೂರು ತಾಲ್ಲೂಕಿನಲ್ಲಿ ಕಬ್ಬು ಬೆಳೆಯುತ್ತಾರೆ. ಹಾಗಾಗಿ ಒಂದೇ ರಸ್ತೆಯ ಮೇಲೆ ಕಂಟೇನರ್, ಯಾತ್ರಿಗಳ ಬಸ್ಸು, ಕಬ್ಬು ಹೇರಿದ ಟ್ರ್ಯಾಕ್ಟರು, ಪಾಳಿ ಮುಗಿಸಿ ಮನೆಗೆ ಹೊರಟ ಕಾರ್ಮಿಕರ ಬೈಕು ಎಲ್ಲವೂ ಬರುತ್ತವೆ. ಅಂಗಾರಕ ಸಂಕಷ್ಟಿಯ ದಿನವಂತೂ ಕೇಳುವುದೇ ಬೇಡ.

ಇಂಥ ಕಡೆ ಟ್ರಾಫಿಕ್ ಜಾಮ್ ಆದರೆ ಮೊದಲು ಕೇಳಿಬರುವ ಮಾತು ರಸ್ತೆ ಅಗಲ ಮಾಡಬೇಕು ಎಂಬುದು. ಆದರೆ ಜಾಮ್ ಹುಟ್ಟುವುದು ಹೆಚ್ಚಾಗಿ ರಸ್ತೆ ಕಿರಿದಾದುದರಿಂದಲ್ಲ, ದಾರಿಗಳು ಒಂದಕ್ಕೊಂದು ಅಡ್ಡ ಬರುವುದರಿಂದ. ಒಂದು ಸಣ್ಣ ಲೆಕ್ಕ ನೋಡಿ. ನಾಲ್ಕು ದಿಕ್ಕಿನಿಂದ ರಸ್ತೆ ಬಂದು ಸೇರುವ ಜಂಕ್ಷನ್ನಿನಲ್ಲಿ ಸಿಗ್ನಲ್ಲಿನ ಒಂದು ಸುತ್ತು 120 ಸೆಕೆಂಡು ಎಂದಿಟ್ಟುಕೊಳ್ಳೋಣ. ಪ್ರತಿ ದಿಕ್ಕಿನ ಪಾಲಿಗೆ 30 ಸೆಕೆಂಡು. ಗಾಡಿಗಳು ಹೊರಡುವಾಗ, ನಿಲ್ಲುವಾಗ ನಾಲ್ಕು ಸೆಕೆಂಡು ಹೋದರೆ ಉಳಿದದ್ದು 26. ಸರಾಸರಿ ಎರಡು ಸೆಕೆಂಡಿಗೆ ಒಂದು ಕಾರು ದಾಟಿದರೆ, ಒಂದು ಪಥದಲ್ಲಿ ಸುತ್ತಿಗೆ 13 ಕಾರು. ಗಂಟೆಗೆ 30 ಸುತ್ತು, ಒಟ್ಟು 390 ಕಾರು. ಅದೇ ಪಥದಲ್ಲಿ ಅಡ್ಡಿಯಿಲ್ಲದೆ ಹರಿದರೆ ಗಂಟೆಗೆ 1,800 ಕಾರು ಸಾಗಬಹುದು. ಐದರಲ್ಲಿ ಸುಮಾರು ನಾಲ್ಕು ಪಾಲು ಸಾಮರ್ಥ್ಯ ಕೆಂಪು ದೀಪದೆದುರು ನಿಂತೇ ಕಳೆದುಹೋಗುತ್ತದೆ. ಆರು ಪಥ ಮಾಡಿದರೂ, ಎಂಟು ಪಥ ಮಾಡಿದರೂ ಪ್ರತಿಯೊಂದು ಪಥಕ್ಕೂ ಇದೇ ಗತಿ.

ರಾಂಜಣಗಾಂವದಲ್ಲಿ ಓಡುವುದು ಬರೀ ಕಾರುಗಳಲ್ಲ. ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ಮಾನದಂಡದಲ್ಲಿ ಎಲ್ಲ ವಾಹನಗಳನ್ನೂ ಕಾರಿನ ಲೆಕ್ಕಕ್ಕೆ ತಂದು ಎಣಿಸುತ್ತಾರೆ. ಬೈಕು ಅರ್ಧ ಕಾರು, ಬಸ್ಸು ಅಥವಾ ಸಾಧಾರಣ ಲಾರಿ ಮೂರು ಕಾರು. ಹಲವು ಅಚ್ಚುಗಳ ಕಂಟೇನರ್ ಲಾರಿ ನಾಲ್ಕೂವರೆ ಕಾರು, ಟ್ರೇಲರ್ ಎಳೆಯುವ ಟ್ರ್ಯಾಕ್ಟರೂ ಅಷ್ಟೇ. ಅಂದರೆ ಆ 26 ಸೆಕೆಂಡಿನ ಹಸಿರು ದೀಪಕ್ಕೆ ಮೂರು ಕಂಟೇನರ್ ದಾಟುವುದೂ ಕಷ್ಟ.

ಇಂಟರ್‌ಚೇಂಜ್ ಮಾಡುವ ಕೆಲಸ ಇಷ್ಟೇ: ಅಡ್ಡ ಹಾಯುವ ದಾರಿಗಳನ್ನು ಬೇರೆ ಬೇರೆ ಮಟ್ಟಕ್ಕೆ ಒಯ್ಯುವುದು, ತಿರುಗುವವರಿಗೆ ಪ್ರತ್ಯೇಕ ರ‍್ಯಾಂಪ್ ಕೊಡುವುದು. ನಾಲ್ಕು ದಾರಿಯ ಸಾಮಾನ್ಯ ಜಂಕ್ಷನ್ನಿನಲ್ಲಿ ವಾಹನಗಳು ಒಂದಕ್ಕೊಂದು ಎದುರಾಗುವ 32 ಬಿಂದುಗಳಿರುತ್ತವೆ. ಅದರಲ್ಲಿ 16 ನೇರ ಅಡ್ಡ ಹಾಯುವಂಥವು; ಜೀವ ಹೋಗುವ ಅಪಘಾತಗಳ ಭಯ ಹೆಚ್ಚಿರುವುದು ಅಲ್ಲೇ. ಉಳಿದವು ಸೇರುವ, ಅಗಲುವ ಬಿಂದುಗಳು. ಒಳ್ಳೆಯ ವಿನ್ಯಾಸ ಮೊದಲು ಆ ಹದಿನಾರರ ಮೇಲೆ ಕೈ ಹಾಕುತ್ತದೆ. ಎಲ್ಲ ದಿಕ್ಕಿನ ವಾಹನ ಸೇರಿ ಗಂಟೆಗೆ 10,000 ಕಾರಿನ ಲೆಕ್ಕ ದಾಟಿದರೆ ಇಂಟರ್‌ಚೇಂಜ್ ಯೋಚಿಸಬಹುದು ಎಂಬುದು ಎಂಜಿನಿಯರುಗಳು ಇಟ್ಟುಕೊಂಡ ಅಳತೆ.

ಬಗೆಗಳು ಹಲವು. ಚೆನ್ನೈನ ಕತಿಪಾರದಲ್ಲಿರುವಂಥ ಕ್ಲೋವರ್‌ಲೀಫ್ ನೋಡಲು ಭರ್ಜರಿ. ನಾಲ್ಕು ಮೂಲೆಗೆ ನಾಲ್ಕು ಸುತ್ತು ಲೂಪ್. ಆದರೆ ಅದಕ್ಕೆ ಬೇಕಾಗುವ ಜಾಗ ನೋಡಿ. ಗಂಟೆಗೆ 40 ಕಿಲೋಮೀಟರ್ ವೇಗದಲ್ಲಿ ಲಾರಿಯೊಂದು ಪಲ್ಟಿಯಾಗದೆ ತಿರುಗಲು ಲೂಪಿನ ತ್ರಿಜ್ಯ 57 ಮೀಟರ್ ಆದರೂ ಇರಬೇಕು, ಅಂದರೆ ಒಂದೊಂದು ಮೂಲೆಯಲ್ಲಿ ಸುಮಾರು 115 ಮೀಟರ್ ಅಗಲದ ವೃತ್ತ. ಅದರಾಚೆಗೆ ಎಡಕ್ಕೆ ಹೊರಳುವ ರ‍್ಯಾಂಪುಗಳ ಜಾಗ ಬೇರೆ. ವೇಗವನ್ನು 30ಕ್ಕೆ ಇಳಿಸಿದರೆ ತ್ರಿಜ್ಯ 32 ಮೀಟರಿಗೆ ಇಳಿಯುತ್ತದೆ, ಆದರೆ ಹೇರು ಎತ್ತರವಿದ್ದ ಗಾಡಿಯ ಚಾಲಕ ಮುಂಚೆಯೇ ಬ್ರೇಕ್ ಹಾಕಬೇಕು, ಹಿಂದಿನವರು ನಿಲ್ಲಬೇಕು. ಇನ್ನೊಂದು ತೊಂದರೆಯೂ ಇದೆ. ಒಂದು ಲೂಪಿನಿಂದ ಇಳಿದವರು ಹೆದ್ದಾರಿಗೆ ಸೇರುವ ಜಾಗದಲ್ಲೇ ಮುಂದಿನ ಲೂಪಿಗೆ ಹೋಗುವವರು ಹೊರಗೆ ಬರಬೇಕು. ಅಲ್ಲಿ ಎರಡು ಸಾಲುಗಳು ಹೆಣೆದುಕೊಳ್ಳುತ್ತವೆ, ಗಿರ್ದಿಯ ಹೊತ್ತಿನಲ್ಲಿ ಅದೇ ಹೊಸ ಜಾಮ್.

ಎರಡೂ ಬದಿಗೆ ಅಂಗಡಿ, ಮನೆ, ಗುಡಿ ಇರುವ ರಾಂಜಣಗಾಂವದಲ್ಲಿ ಕ್ಲೋವರ್‌ಲೀಫಿನ ಮಾತೇ ಬೇಡ. ನನ್ನ ಅಭಿಪ್ರಾಯದಲ್ಲಿ ಇಲ್ಲಿಗೆ ಒಗ್ಗುವುದು ಡೈಮಂಡ್ ಮಾದರಿ. ದೂರದ ವಾಹನಗಳು ಮೇಲಿನಿಂದ ನೇರ ಹೋಗುತ್ತವೆ, ಊರಿನ ಮತ್ತು ಎಂಐಡಿಸಿಯ ವಾಹನಗಳು ಕೆಳಗಿನಿಂದ ಅಡ್ಡ ದಾಟುತ್ತವೆ, ನಾಲ್ಕು ರ‍್ಯಾಂಪುಗಳು ಹೆದ್ದಾರಿಗೆ ಒತ್ತಿಕೊಂಡೇ ಇಳಿಯುತ್ತವೆ. ಜಾಗ ಕಡಿಮೆ ಸಾಕು. ಕೆಳಗೆ ಸಿಗ್ನಲ್ ಉಳಿಯುತ್ತದೆ ನಿಜ, ಆದರೆ ಶಿರೂರಿನ ಆಚೆಯಿಂದ ಪುಣೆಗೆ ಹೋಗುವ ಲಾರಿ ಆ ಸಿಗ್ನಲ್ಲಿಗೆ ಬರುವುದೇ ಇಲ್ಲ.

ಮೇಲೇರುವ ಉದ್ದದ ಲೆಕ್ಕವನ್ನು ಊರಿನವರು ಮೊದಲೇ ತಿಳಿದಿರಬೇಕು. ಕೆಳಗೆ ಗಾಡಿ ಹಾಯಲು 5.5 ಮೀಟರ್ ಎತ್ತರ ಬಿಡಬೇಕು. ಅದರ ಮೇಲೆ ತೊಲೆ, ಚಪ್ಪಡಿ ಸೇರಿ ಎರಡು ಮೀಟರ್. ಒಟ್ಟು ಏಳೂವರೆ ಮೀಟರ್. ಹೇರು ಹೊತ್ತ ಲಾರಿ ಏದುಸಿರು ಬಿಡದೆ ಹತ್ತಬೇಕಾದರೆ 30 ಮೀಟರಿಗೆ ಒಂದು ಮೀಟರ್ ಏರು ಸೂಕ್ತ. ಒಂದು ಬದಿಗೆ 225 ಮೀಟರ್ ಆಯಿತು; ತುದಿಗಳ ಇಳಿಜಾರು ನಯವಾಗಲು ಇನ್ನಷ್ಟು. ಎರಡೂ ಬದಿ ಸೇರಿ ಅರ್ಧ ಕಿಲೋಮೀಟರಿಗೂ ಹೆಚ್ಚು ಉದ್ದಕ್ಕೆ ಅಂಗಡಿಗಳ ಮುಂದೆ ಗೋಡೆ ಏಳುತ್ತದೆ. ಮಣ್ಣು ತುಂಬಿದ ಗೋಡೆಯ ಬದಲು ಕಂಬಗಳ ಮೇಲೆ ಕಟ್ಟಿದರೆ ಖರ್ಚು ಹೆಚ್ಚು, ಆದರೆ ಊರು ಎರಡು ಹೋಳಾಗುವುದಿಲ್ಲ. ಯಾತ್ರಾಸ್ಥಳದಲ್ಲಿ ಆ ಖರ್ಚು ಮಾಡಬೇಕು ಎಂದೇ ನಾನು ಹೇಳುತ್ತೇನೆ.

ಖರ್ಚು ಉಳಿಸಲು ಅಂಡರ್‌ಪಾಸಿನ ಎತ್ತರವನ್ನು ನಾಲ್ಕು ಮೀಟರಿಗೆ ಇಳಿಸುವುದೂ ಉಂಟು, ಹಗುರ ವಾಹನಗಳಿಗೆ ಎಂದು. ಕಬ್ಬಿನ ಸೀಮೆಯಲ್ಲಿ ಇದು ನಡೆಯದು. ಟ್ರೇಲರಿನ ಮೇಲೆ ಕಬ್ಬು ಎಷ್ಟೆತ್ತರಕ್ಕೆ ಹೇರುತ್ತಾರೆ ಎಂಬುದನ್ನು ಮಂಡ್ಯದಲ್ಲೋ ಬಾಗಲಕೋಟೆಯಲ್ಲೋ ಕಂಡವರಿಗೆ ವಿವರಿಸಬೇಕಿಲ್ಲ. ಕೆಳಗೆ ಹಿಡಿಸದ ಟ್ರ್ಯಾಕ್ಟರು ಮುಂದಿನ ತಿರುವಿನ ತನಕ ರಾಂಗ್ ಸೈಡಿನಲ್ಲಿ ಬರುತ್ತದೆ.

ಪುಣೆಯಲ್ಲೇ ಕಲಿಯಬೇಕಾದ ಉದಾಹರಣೆ ಚಾಂದಣಿ ಚೌಕ. ಬೆಳಗಾವಿ, ಹುಬ್ಬಳ್ಳಿಯಿಂದ ಮುಂಬೈಗೆ ಹೋಗುವವರಿಗೆಲ್ಲ ಗೊತ್ತಿರುವ ಜಾಗ. ಮುಂಬೈ–ಬೆಂಗಳೂರು ಹೆದ್ದಾರಿಗೆ ಕೋಥ್ರುಡ್, ಬಾವಧನ್, ಪಾಷಾಣ, ಮುಳಶಿಯ ರಸ್ತೆಗಳು ಬಂದು ಸೇರುವ ಕಡೆ. 2017ರಲ್ಲಿ ಶಂಕುಸ್ಥಾಪನೆಯಾದರೂ ಭೂಸ್ವಾಧೀನದಲ್ಲಿ ವರ್ಷಗಳೇ ಹೋದವು. ಹೆದ್ದಾರಿಯ ಪಥಗಳನ್ನು ಹಿಸುಕುತ್ತಿದ್ದ ಹಳೆಯ ಸೇತುವೆಯನ್ನು 2022ರ ಅಕ್ಟೋಬರ್ 2ರ ನಸುಕಿನಲ್ಲಿ ಸುಮಾರು 600 ಕಿಲೋ ಸ್ಫೋಟಕ ಇಟ್ಟು ಕೆಡವಿದರು. 2023ರ ಆಗಸ್ಟ್ 12ರಂದು ಹೊಸ ಇಂಟರ್‌ಚೇಂಜ್ ಉದ್ಘಾಟನೆಯಾಯಿತು. ಖರ್ಚು ಸುಮಾರು 865 ಕೋಟಿ ರೂಪಾಯಿ. ಹೆದ್ದಾರಿಯ ಗಾಡಿಗಳಿಗೆ ಅನುಕೂಲವಾಯಿತು. ಆದರೆ ಯಾವ ರ‍್ಯಾಂಪ್ ಎಲ್ಲಿಗೆ ಎಂದು ತಿಳಿಯದೆ ಚಾಲಕರು ಗೊಂದಲಕ್ಕೆ ಬಿದ್ದರು, ಬಸ್ ಹಿಡಿಯಲು ನಡೆದು ಬರುವವರು ವೇಗದ ವಾಹನಗಳ ನಡುವೆ ದಾಟುವಂತಾಯಿತು. ಪಾದಚಾರಿ ಸೇತುವೆಯ ಬೇಡಿಕೆ ಎದ್ದದ್ದು ಆಮೇಲೆ.

ಬೆಂಗಳೂರಿನ ಹೆಬ್ಬಾಳ ಕಲಿಸುವುದು ಬೇರೆ ಪಾಠ. ಎರಡು ದಶಕದ ಹಿಂದೆ ಕಟ್ಟಿದ ಆ ಫ್ಲೈಓವರಿನಲ್ಲಿ ಹಲವು ಪಥಗಳು ಬಂದು ಕೆಲವೇ ಪಥಕ್ಕೆ ಇಳಿಯುತ್ತವೆ. ವಿಮಾನ ನಿಲ್ದಾಣ ಬಂತು, ಹೊರವರ್ತುಲ ರಸ್ತೆಯಲ್ಲಿ ಕಚೇರಿಗಳು ಬಂದವು, ಲೆಕ್ಕ ತಪ್ಪಿತು. 2025ರ ಆಗಸ್ಟ್‌ನಲ್ಲಿ ಕೆ.ಆರ್. ಪುರ ಕಡೆಯಿಂದ ಮೇಖ್ರಿ ವೃತ್ತದ ಕಡೆಗೆ ಹೊಸ ಲೂಪ್ ಸೇರಿಸಬೇಕಾಯಿತು. ರ‍್ಯಾಂಪ್ ಇಳಿದು ಸೇರುವಾಗ ಅದಕ್ಕೊಂದು ಸ್ವಂತ ಪಥ ಮುಂದೆಯೂ ಸಿಗಬೇಕು. ಸಿಗದಿದ್ದರೆ ಜಾಮ್ ಸೇತುವೆಯ ಕೆಳಗಿನಿಂದ ಸೇತುವೆಯ ಮೇಲಕ್ಕೆ ಹತ್ತುತ್ತದೆ.

ಪುಣೆ–ಶಿರೂರು ನಡುವೆ ಸುಮಾರು 53 ಕಿಲೋಮೀಟರ್ ಎತ್ತರಿಸಿದ ರಸ್ತೆ ಕಟ್ಟುವ ಯೋಜನೆಯನ್ನು ಮಹಾರಾಷ್ಟ್ರ ಸರ್ಕಾರ ರೂಪಿಸಿರುವುದರಿಂದ ಈ ಪ್ರಶ್ನೆ ರಾಂಜಣಗಾಂವಕ್ಕೆ ನೇರ ತಟ್ಟುತ್ತದೆ. ಮೇಲಿನ ರಸ್ತೆಯಿಂದ ಕಾರ್ಖಾನೆಗಳಿಗೆ ಇಳಿಯುವ ರ‍್ಯಾಂಪ್ ಎಂಐಡಿಸಿಯ ಒಳಗಿನ ಅಗಲ ರಸ್ತೆಗೆ ಸೇರಿದರೆ ಕಂಟೇನರುಗಳು ಊರಿನ ನಡುವೆ ಬರುವುದೇ ಇಲ್ಲ. ಅದೇ ರ‍್ಯಾಂಪ್ ಗುಡಿಯ ಹತ್ತಿರದ ಸರ್ವಿಸ್ ರಸ್ತೆಗೆ ಇಳಿದರೆ ಯಾತ್ರಿಗಳು, ಕಂಟೇನರು, ಶಾಲೆಯ ಮಕ್ಕಳು ಏಳು ಮೀಟರಿನ ಒಂದೇ ಪಟ್ಟಿಯಲ್ಲಿ ಸಿಕ್ಕಿಕೊಳ್ಳುತ್ತಾರೆ. ನಕ್ಷೆಯಲ್ಲಿ ಮುನ್ನೂರು ಮೀಟರ್ ಆಚೀಚೆ ಮಾಡುವ ವಿಷಯ. ಕಾಂಕ್ರೀಟ್ ಬಿದ್ದ ಮೇಲೆ ಯಾರೂ ಅಲುಗಿಸಲಾರರು. ರ‍್ಯಾಂಪ್ ಎಲ್ಲಿ ಇಳಿಯುತ್ತದೆ ಎಂಬುದೇ ನಕ್ಷೆ ಬಂದಾಗ ಗ್ರಾಮಸಭೆ ಕೇಳಬೇಕಾದ ಮೊದಲ ಪ್ರಶ್ನೆ. ಪಾಳಿ ಬಿಡುವ ಹೊತ್ತಿನಲ್ಲಿ ಕಂಪನಿ ಬಸ್ಸುಗಳು ಎಲ್ಲಿ ನಿಲ್ಲುತ್ತವೆ, ನಡೆದು ಹೋಗುವವರು ಮೆಟ್ಟಿಲು ಹತ್ತದೆ ನೆಲಮಟ್ಟದಲ್ಲೇ ದಾಟಬಹುದೇ ಎಂಬುದು ಎರಡನೆಯದು. ಮೆಟ್ಟಿಲಿನ ಸೇತುವೆ ಕಟ್ಟಿಕೊಟ್ಟರೆ ಎಂಟು ತಾಸು ದುಡಿದು ದಣಿದವರು ಅದನ್ನು ಹತ್ತುವುದಿಲ್ಲ, ಡಿವೈಡರ್ ಹಾರುತ್ತಾರೆ.

ಇನ್ನು ಕಟ್ಟುವ ಕಾಲದ ಮಾತು. ಕೆಲಸದ ಕ್ರಮ ಸರಿಯಿದ್ದರೆ ಮೊದಲು ನೀರಿನ ಪೈಪು, ವಿದ್ಯುತ್ ತಂತಿ ಸರಿಸುತ್ತಾರೆ, ಚರಂಡಿ ಮಾಡುತ್ತಾರೆ, ಆಮೇಲೆ ಎರಡೂ ಬದಿಯ ಸರ್ವಿಸ್ ರಸ್ತೆ, ಅದಾದ ಮೇಲಷ್ಟೇ ನಡುವಿನ ಅಗೆತ. ಕಾಮಗಾರಿ ಮುಗಿಯುವ ತನಕ ಹೆದ್ದಾರಿಯ ಅಷ್ಟೂ ಭಾರ ಸರ್ವಿಸ್ ರಸ್ತೆಯ ಮೇಲೆ ಬೀಳುವುದರಿಂದ, ಅದನ್ನು ತೆಳುವಾಗಿ ಮಾಡಿದರೆ ಮೊದಲ ಮಳೆಗೇ ಗುಂಡಿ. ಪ್ರತಿ ವರ್ಷ ಜನವರಿ 1ರಂದು ಕೋರೆಗಾಂವ ಭೀಮಾದ ಜಯಸ್ತಂಭಕ್ಕೆ ಲಕ್ಷಾಂತರ ಜನ ಸೇರುವಾಗ ಪೊಲೀಸರು ಅಹಿಲ್ಯಾನಗರ ಕಡೆಯ ಭಾರೀ ವಾಹನಗಳನ್ನು ಶಿರೂರಿನ ಬಳಿಯಿಂದ ನ್ಹಾವರೆ, ಕೇಡಗಾಂವ ಚೌಫುಲಾ ದಾರಿಯಾಗಿ ಸೋಲಾಪುರ ರಸ್ತೆಗೆ ತಿರುಗಿಸುತ್ತಾರೆ. ಕಾಮಗಾರಿ ನಡೆಯುವ ವರ್ಷಗಳಲ್ಲೂ ದೂರದ ಲಾರಿಗಳಿಗೆ ಆ ದಾರಿಯೇ ಗತಿ. ಅದನ್ನು ರಿಪೇರಿ ಮಾಡಿ, ಬೋರ್ಡು ಹಾಕಿ, ನ್ಹಾವರೆಯ ತಿರುವುಗಳನ್ನು ಕಂಟೇನರ್ ಹೊರಳುವಷ್ಟು ಅಗಲಿಸಿ, ರಾಂಜಣಗಾಂವದ ಮೊದಲ ಕಂಬಕ್ಕೆ ಗುಂಡಿ ತೋಡುವುದು ಆಮೇಲೆ.