ಜಡ್ಡಾದ ಹಕ್ಕಿಯೂ ದವಾಖಾನೆಯ ದಾರಿಯೂ

(ಅಂತಿಮ ಬಿ.ಎ. ತರಗತಿಯ ವಿದ್ಯಾರ್ಥಿ)

ಎತ್ತಿಗೆ ಜಡ್ಡಾದರೆ ಓಣಿಗೆಲ್ಲ ತಿಳಿಯುತ್ತದೆ. ಅದು ಮೇವು ಬಿಡುತ್ತದೆ. ಮೆಲುಕು ಹಾಕುವುದನ್ನು ನಿಲ್ಲಿಸುತ್ತದೆ. ಅದರ ಮೂಗು ಒಣಗುತ್ತದೆ. ಶಾಲೆಯ ಮೆಟ್ಟಿಲು ಹತ್ತದ ನನ್ನ ತಂದೆಯವರೂ ದೂರದಿಂದಲೇ ನೋಡಿ, “ಇದಕ್ಕ ಜ್ವರ ಬಂದಾವ, ಡಾಕ್ಟರಿಗೆ ಹೇಳಿ ಕಳಸ್ರಿ” ಎನ್ನುತ್ತಾರೆ. ಆದರೆ ಪಂಜರದೊಳಗಿನ ಹಿಡಿಗಾತ್ರದ ಹಕ್ಕಿಗೆ ಜಡ್ಡಾದುದು ಅದೇ ಮನೆಯಲ್ಲಿ ಮಲಗಿ ಏಳುವವರಿಗೂ ತಿಳಿಯುವುದಿಲ್ಲ. ತಿಳಿದ ಮೇಲೆ ಅವಸರದಿಂದ ಅದನ್ನು ಹಿಡಿದು, ಚೀಲದಲ್ಲಿಟ್ಟುಕೊಂಡು, ಬಸ್ಸು ಹತ್ತಿ ಓಡುತ್ತೇವೆ. ಎಷ್ಟೋ ಸಲ ಆ ಹಕ್ಕಿ ದವಾಖಾನೆಯ ಬಾಗಿಲನ್ನು ಕಾಣುವುದೇ ಇಲ್ಲ. ರೋಗ ಕೊಂದಿತೆಂದು ನಾವು ಹೇಳುತ್ತೇವೆ. ರೋಗದ ಜೊತೆಗೆ ಅಂಜಿಕೆಯೂ ಸೇರಿ ಕೊಂದಿತೆನ್ನುವುದು ಹಲವು ವೇಳೆ ಹೆಚ್ಚು ಸರಿಯಾದ ಮಾತು. ರೋಗಕ್ಕೆ ಮದ್ದು ಕೊಡುವವರು ವೈದ್ಯರು. ಅಂಜಿಕೆಗೆ ಮದ್ದು ಕೊಡಬೇಕಾದವರು ಹಕ್ಕಿಯನ್ನು ಸಾಕಿದ ನಾವು. ಆ ಎರಡನೆಯ ಮದ್ದು ಯಾವುದು, ಅದನ್ನು ಹೇಗೆ ಕೊಡಬೇಕು ಎಂಬುದನ್ನು ವಿವರಿಸುವುದೇ ಈ ಲೇಖನದ ಉದ್ದೇಶ.

ಮೊದಲು ಹಕ್ಕಿಯ ಪರಿಚಯವಾಗಲಿ. ಹಲಸಂಗಿಯ ಗೆಳೆಯರು 1931ರಲ್ಲಿ ‘ಗರತಿಯ ಹಾಡು’ ಸಂಕಲನವನ್ನು ಹೊರತಂದು ನಮ್ಮ ಸೀಮೆಯ ಹೆಣ್ಣುಮಕ್ಕಳ ಪದಗಳನ್ನು ನಾಡಿಗೆಲ್ಲ ಪರಿಚಯಿಸಿದರು. ನಮ್ಮ ಜನಪದರ ಬಾಯಲ್ಲಿ ಗಿಣಿರಾಮನೆಂದು ಕರೆಸಿಕೊಂಡುದು ಹೊಲದ ಜೋಳದ ತೆನೆಗೆ ಬಂದು ಎರಗುವ ಊರ ಗಿಣಿ. ಅದನ್ನು ಈಗ ಪಂಜರದಲ್ಲಿ ಇಡುವಂತಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಅದಕ್ಕೆ ಅಡ್ಡಿಯಾಗಿದೆ. ಇಂದು ಮನೆಮನೆಯ ಪಡಸಾಲೆಯಲ್ಲಿ ತೂಗುವ ಪಂಜರದ ಹಸಿರು, ಹಳದಿ, ನೀಲಿ ಬಣ್ಣದ ಪುಟ್ಟ ಹಕ್ಕಿಗಳೇ ಬೇರೆ. ಜನರು ಇವುಗಳಿಗೆ ‘ಲವ್ ಬರ್ಡ್ಸ್’ ಎನ್ನುತ್ತಾರೆ. ಆದರೆ ನಿಜವಾದ ಲವ್ ಬರ್ಡ್ ಆಫ್ರಿಕ ಖಂಡದ ಕಡೆಯದು. ನಾವು ಸಾಕುವವುಗಳಲ್ಲಿ ಹೆಚ್ಚಿನವು ಆಸ್ಟ್ರೇಲಿಯದ ಬಜರಿಗಾರ್ ಎಂಬ ಜಾತಿಯವು. 1840ರಲ್ಲಿ ಜಾನ್ ಗೌಲ್ಡ್ ಎಂಬ ಪಕ್ಷಿಶಾಸ್ತ್ರಜ್ಞನು ಇವುಗಳನ್ನು ಜೀವಂತವಾಗಿ ಇಂಗ್ಲೆಂಡಿಗೆ ಒಯ್ದನು. ಅಲ್ಲಿಂದ ಮುಂದೆ ಇವು ಲೋಕದ ಮನೆಗಳನ್ನೆಲ್ಲ ಹೊಕ್ಕವು. ಕಾಡಿನಲ್ಲಿ ಇದರ ಬಣ್ಣ ಹಸಿರು ಮತ್ತು ಹಳದಿ. ನೀಲಿಯೂ ಬಿಳಿಯೂ ಮನುಷ್ಯನು ಸಾಕಿ ಬೆಳೆಸಿದ ತಳಿಗಳು.

ಹಕ್ಕಿಯ ತವರು ತಿಳಿದರೆ ಅದರ ಸ್ವಭಾವವೂ ತಿಳಿಯುತ್ತದೆ. ಆಸ್ಟ್ರೇಲಿಯದ ಒಣ ಬಯಲುಗಳಲ್ಲಿ ಇವು ಹಿಂಡು ಹಿಂಡಾಗಿ ಬಾಳುತ್ತವೆ. ಹಿಂಡಿನಲ್ಲಿ ಯಾವುದು ಸೊರಗಿದೆಯೋ ಅದರ ಮೇಲೆ ಗಿಡುಗನ ಕಣ್ಣು. ಆದುದರಿಂದ ಜಡ್ಡಾದರೂ ಜಡ್ಡಾಗಿಲ್ಲವೆಂಬಂತೆ ಇರುವುದು ಇವುಗಳಿಗೆ ಹುಟ್ಟಿನಿಂದ ಬಂದ ಬುದ್ಧಿ. ಮೈಯಲ್ಲಿ ತ್ರಾಣವಿರುವವರೆಗೆ ಅದು ನೆಟ್ಟಗೆ ಕುಳಿತು, ಕಾಳು ಕುಕ್ಕಿದಂತೆ ಮಾಡುತ್ತಿರುತ್ತದೆ. ತ್ರಾಣ ತೀರಿದ ದಿನವೇ ನಮ್ಮ ಕಣ್ಣಿಗೆ ಅದು ‘ಇಂದು ಜಡ್ಡಾಯಿತು’ ಎಂದು ಕಾಣುತ್ತದೆ. ನಿಜಕ್ಕೂ ಅದು ಕೆಲವು ದಿನಗಳ ಹಳೆಯ ಜಡ್ಡು. ನಾಳೆ ನೋಡೋಣವೆಂಬ ಮಾತು ಹಕ್ಕಿಯ ವಿಷಯದಲ್ಲಿ ಸಲ್ಲದೆನ್ನುವುದು ಇದಕ್ಕಾಗಿಯೇ.

ಹಾಗಾದರೆ ಗುರುತು ಹಿಡಿಯುವುದು ಹೇಗೆ? ದನಕ್ಕೆ ನಮ್ಮ ಹಿರಿಯರು ಕೊಡುವ ಲಕ್ಷ್ಯವನ್ನೇ ಹಕ್ಕಿಗೂ ಕೊಟ್ಟರೆ ಸಾಕು. ಹಗಲಿನಲ್ಲಿಯೂ ಗರಿಗಳನ್ನು ಉಬ್ಬಿಸಿ ಚೆಂಡಿನಂತೆ ಕುಳಿತಿರುವುದು, ಕಣ್ಣು ಮುಚ್ಚಿ ತೂಕಡಿಸುವುದು, ಅಡ್ಡಕಡ್ಡಿಯನ್ನು ಬಿಟ್ಟು ಪಂಜರದ ತಳದಲ್ಲಿ ಕೂಡುವುದು, ಉಸಿರಿಗೊಮ್ಮೆ ಬಾಲ ಮೇಲೆ ಕೆಳಗೆ ಆಡುವುದು, ಬಾಯಿ ತೆರೆದು ಉಸಿರಾಡುವುದು, ಎದೆಯ ನಡುವಿನ ಎಲುಬು ಚೂರಿಯ ಅಂಚಿನಂತೆ ಕೈಗೆ ಹತ್ತುವುದು, ಇವೆಲ್ಲ ಜಡ್ಡಿನ ಗುರುತುಗಳು. ಹಿಕ್ಕೆಯನ್ನು ದಿನವೂ ನೋಡಬೇಕು. ಅದರಲ್ಲಿ ಮೂರು ಭಾಗಗಳಿರುತ್ತವೆ: ಹಸಿರು ಅಥವಾ ಕಂದು ಬಣ್ಣದ ಗಟ್ಟಿ ಮಲ, ಸುಣ್ಣದಂಥ ಬಿಳಿ ಭಾಗ, ತುಸು ನೀರು. ಇವುಗಳ ಬಣ್ಣವೋ ಪ್ರಮಾಣವೋ ಬದಲಾಗಿ ಹಾಗೆಯೇ ಉಳಿದರೆ ವೈದ್ಯರಿಗೆ ತಿಳಿಸತಕ್ಕದ್ದು. ಹೆಣ್ಣು ಹಕ್ಕಿ ಮೊಟ್ಟೆ ಇಡಲಾರದೆ ತಳದಲ್ಲಿ ಕುಳಿತು ತಿಣುಕುತ್ತಿದ್ದರೆ ತಡಮಾಡದೆ ಹೊರಡಬೇಕು. ಕೊಕ್ಕಿನ ಸುತ್ತ ಸುಣ್ಣದ ಹಕ್ಕಳೆಯಂತೆ ಕಂಡರೆ ಅದು ಬಹುಶಃ ಒಂದು ಬಗೆಯ ನುಸಿಯ ಕಾಟ. ವೈದ್ಯರ ಮದ್ದಿನಿಂದ ವಾಸಿಯಾಗುವಂಥದು.

ಇನ್ನು ಅಂಜಿಕೆಯು ಹಕ್ಕಿಯನ್ನು ಕೊಲ್ಲುವ ಬಗೆ. ಬಜರಿಗಾರಿನ ತೂಕ ಸಾಮಾನ್ಯವಾಗಿ 30ರಿಂದ 40 ಗ್ರಾಂ. ಸುಮ್ಮನೆ ಕುಳಿತಾಗಲೂ ಅದರ ಹೃದಯ ನಿಮಿಷಕ್ಕೆ 300ಕ್ಕೂ ಮೀರಿ ಬಡಿಯುತ್ತದೆ. ಅಷ್ಟು ವೇಗದ ಬಾಳಿಗೆ ಬೇಕಾದ ಶಕ್ತಿಯನ್ನು ಕೂಡಿಡಲು ಆ ಮೈಯಲ್ಲಿ ಸ್ಥಳವಿಲ್ಲ. ಆಗಾಗ ತಿನ್ನುತ್ತಲೇ ಇರಬೇಕು. ಜಡ್ಡಿನಿಂದ ಮೇವು ಬಿಟ್ಟ ಹಕ್ಕಿಯನ್ನು ಪಂಜರದ ತುಂಬ ಅಟ್ಟಾಡಿಸಿ ಹಿಡಿದರೆ, ಉಳಿದಿದ್ದ ಅಲ್ಪ ತ್ರಾಣವೂ ಆ ಒದ್ದಾಟದಲ್ಲಿ ವೆಚ್ಚವಾಗುತ್ತದೆ. ಇನ್ನೊಂದು ಮಾತು. ನಮಗೆ ಎದೆ ಮತ್ತು ಹೊಟ್ಟೆಯ ನಡುವೆ ಉಸಿರಾಟಕ್ಕೆ ನೆರವಾಗುವ ವಪೆ ಇದೆ. ಹಕ್ಕಿಗೆ ಅಂಥದು ಇಲ್ಲ. ಅದು ಎದೆಯ ಎಲುಬನ್ನು ಮುಂದೆ ಹಿಂದೆ ಆಡಿಸಿಯೇ ಉಸಿರು ಎಳೆದುಕೊಳ್ಳಬೇಕು. ಆದಕಾರಣ ಎದೆಯನ್ನು ಬಿಗಿಯಾಗಿ ಹಿಡಿದವನು ಕೊರಳು ಹಿಸುಕದಿದ್ದರೂ ಉಸಿರು ಕಟ್ಟಿಸುತ್ತಾನೆ. ಪ್ರೀತಿಯಿಂದ ಮುಷ್ಟಿಯಲ್ಲಿ ಅವುಚಿಕೊಂಡರೂ ಪರಿಣಾಮ ಅದೇ.

ಹೊರಡುವ ಮೊದಲು ಮಾಡತಕ್ಕ ಕೆಲಸಗಳಿವೆ. ಹಲಸಂಗಿಯಂಥ ಊರುಗಳ ಸುತ್ತಿನ ಪಶುವೈದ್ಯರ ಮುಂದೆ ದಿನವೂ ಬರುವವು ದನ, ಎಮ್ಮೆ, ಆಡು, ಕುರಿಗಳು. ಅವರಿಗೆ ಮೊದಲು ಫೋನು ಮಾಡಿ ಹಕ್ಕಿಯನ್ನು ನೋಡುವರೇ, ಯಾವ ಹೊತ್ತಿಗೆ ಗದ್ದಲ ಕಡಿಮೆ ಎಂದು ಕೇಳಿಕೊಳ್ಳಬೇಕು. ಅವರು ನೋಡದಿದ್ದರೆ ನೋಡುವವರ ಹೆಸರನ್ನು ಅವರೇ ಹೇಳಬಲ್ಲರು. ವಿಜಯಪುರಕ್ಕೋ ಸೊಲ್ಲಾಪುರಕ್ಕೋ ಹೋಗಿ, ಬೀಗ ಹಾಕಿದ ಬಾಗಿಲು ನೋಡಿ ಮರಳುವುದು ಮನುಷ್ಯನಿಗೆ ಬರಿ ದಣಿವು. ಹಕ್ಕಿಗೆ ಅದು ಪ್ರಾಣದ ಮಾತು. ಬೀದರ, ಬೆಂಗಳೂರುಗಳಲ್ಲಿ ಪಶುವೈದ್ಯ ಕಾಲೇಜುಗಳಿವೆ. ಆದರೆ ಅಷ್ಟು ದೂರದ ದಾರಿಯನ್ನು ಸೊರಗಿದ ಹಕ್ಕಿ ತಾಳಲಾರದು. ನಮ್ಮ ವೈದ್ಯರು ಅಲ್ಲಿಯ ತಜ್ಞರನ್ನು ಫೋನಿನಲ್ಲಿ ವಿಚಾರಿಸಿದರೆ ಹಕ್ಕಿಯ ದಾರಿ ಉಳಿಯುತ್ತದೆ.

ಅಲ್ಲಿಯವರೆಗೆ ಮನೆಯಲ್ಲಿ ಹಕ್ಕಿಯನ್ನು ಬೆಚ್ಚಗೆ, ಸದ್ದಿಲ್ಲದ ಸ್ಥಳದಲ್ಲಿ ಇಡಬೇಕು. ಬೇರೆ ಹಕ್ಕಿಗಳಿದ್ದರೆ ಇದನ್ನು ಅವುಗಳಿಂದ ಬೇರ್ಪಡಿಸಬೇಕು. ಮನುಷ್ಯರ ಗುಳಿಗೆಯನ್ನು ಚೂರು ಮಾಡಿ ಕೊಡಬಾರದು. ಮುನ್ನೂರು ಕಿಲೋ ತೂಕದ ಎತ್ತಿಗೂ ಮೂವತ್ತು ಗ್ರಾಂ ಹಕ್ಕಿಗೂ ಇರುವ ಅಂತರ ಹತ್ತು ಸಾವಿರ ಪಟ್ಟು. ಕಣ್ಣಳತೆಯ ಮದ್ದು ಇಲ್ಲಿ ವಿಷವಾದೀತು. ಬಾಯಲ್ಲಿ ನೀರು ಹೊಯ್ಯಬಾರದು, ಅದು ಶ್ವಾಸನಾಳಕ್ಕೆ ಇಳಿಯಬಹುದು. ಮೈಗೆ ಎಣ್ಣೆ ಹಚ್ಚಬಾರದು. ಎಣ್ಣೆಯಲ್ಲಿ ತೊಯ್ದ ಗರಿ ಮೈಯ ಕಾವನ್ನು ಹಿಡಿದಿಡಲಾರದು.

ಒಯ್ಯಲು ದೊಡ್ಡ ಪಂಜರ ಬೇಡ. ಗಾಳಿಯಾಡುವ ಚಿಕ್ಕ ಪಂಜರವೋ, ಸುತ್ತಲೂ ತೂತು ಮಾಡಿದ ಗಟ್ಟಿ ರಟ್ಟಿನ ಪೆಟ್ಟಿಗೆಯೋ ಒಳ್ಳೆಯದು. ಜೋಕಾಲಿ, ಗಂಟೆ, ಕನ್ನಡಿಗಳನ್ನು ತೆಗೆಯಬೇಕು. ಬಸ್ಸು ಕುಲುಕಿದಾಗ ಅವು ಹಕ್ಕಿಗೆ ಬಡಿಯುತ್ತವೆ. ಅಡ್ಡಕಡ್ಡಿಯನ್ನು ತೀರ ಕೆಳಗೆ ಇಡಬೇಕು. ನಿಲ್ಲಲಾರದ ಹಕ್ಕಿಗಾದರೆ ಕಡ್ಡಿಯೂ ಬೇಡ, ನೂಲೆಳೆ ಬಿಡದ ಬಟ್ಟೆಯನ್ನು ತಳಕ್ಕೆ ಹಾಸಿ ಮೇಲೆ ಬಿಳಿಯ ಕಾಗದ ಇಟ್ಟರೆ ಸಾಕು. ಬಿಳಿಯ ಕಾಗದದ ಮೇಲಿನ ಹಿಕ್ಕೆಯನ್ನು ವೈದ್ಯರು ಓದಬಲ್ಲರು. ನೀರಿನ ಬಟ್ಟಲು ಚೆಲ್ಲಿ ಹಕ್ಕಿ ತೊಯ್ಯುವುದರಿಂದ ಅದರ ಬದಲು ಸವತೆಕಾಯಿಯ ಒಂದು ಹೋಳು ಇಡಬೇಕು. ಕೆಳಗೆ ಒಂದು ಹಿಡಿ ನವಣೆ ಚೆಲ್ಲಿರಬೇಕು. ಈ ಪರದೇಶದ ಹಕ್ಕಿಗೆ ಅಂಗಡಿಯವರು ಮಾರುವ ಕಾಳು ನಮ್ಮ ಹೊಲದ ನವಣೆಯೇ ಎಂಬುದು ಸಂತೋಷದ ಸಂಗತಿ. ಸಾಧ್ಯವಿದ್ದವರು, ಹಕ್ಕಿ ಗಟ್ಟಿಯಾಗಿರುವಾಗಲೇ ಈ ಪೆಟ್ಟಿಗೆಯನ್ನು ಪಂಜರದ ಬದಿಗೆ ಕೆಲವು ದಿನ ಇಟ್ಟು, ಒಳಗೆ ನವಣೆಯ ತೆನೆ ತೂಗಿಸಿ ರೂಢಿ ಮಾಡಿಸಬೇಕು. ಕಂಡರಿಯದ ಪೆಟ್ಟಿಗೆ ಹಕ್ಕಿಯ ಕಣ್ಣಿಗೆ ಬೋನು. ಕಂಡರಿತದ್ದು ಇನ್ನೊಂದು ಗೂಡು.

ಹಿಡಿಯುವಾಗ ಕಿಟಕಿ ಬಾಗಿಲು ಮುಚ್ಚಿ, ಫ್ಯಾನು ನಿಲ್ಲಿಸಿ, ಕೋಣೆಯನ್ನು ಮಬ್ಬು ಮಾಡಬೇಕು. ಕತ್ತಲಲ್ಲಿ ಹಕ್ಕಿ ಹಾರಾಡದೆ ಕೂಡುತ್ತದೆ. ತೆಳುವಾದ ಕರವಸ್ತ್ರವನ್ನು ಹಿಂದಿನಿಂದ ಹೊದಿಸಿ, ತೋರು ಬೆರಳು ನಡು ಬೆರಳುಗಳ ನಡುವೆ ತಲೆ ಬರುವಂತೆ ಮೆಲ್ಲಗೆ ಹಿಡಿದು, ಎದೆ ಬಿಡುವಾಗಿರುವಂತೆ ನೋಡಿಕೊಂಡು, ಒಂದೇ ಸಲಕ್ಕೆ ಪೆಟ್ಟಿಗೆಯೊಳಗೆ ಬಿಡಬೇಕು.

ದಾರಿಯಲ್ಲಿ ನಮ್ಮ ಸೀಮೆಯ ಹವೆಯನ್ನು ಮರೆಯಲಾಗದು. ಏಪ್ರಿಲ್, ಮೇ ತಿಂಗಳುಗಳಲ್ಲಿ ಇಲ್ಲಿಯ ಬಿಸಿಲು 40 ಡಿಗ್ರಿ ದಾಟುತ್ತದೆ. ಆಗ ಬೆಳಗಿನ ಮೊದಲ ಬಸ್ಸಿಗೇ ಹೋಗಬೇಕು. ರೆಕ್ಕೆಗಳನ್ನು ಮೈಯಿಂದ ದೂರ ಹಿಡಿದು ಬಾಯಿ ತೆರೆದು ತೇಕಿದರೆ ಸೆಕೆಯಾಗಿದೆಯೆಂದು ತಿಳಿದು ಹೊದಿಕೆಯನ್ನು ಸರಿಸಬೇಕು. ಡಿಸೆಂಬರಿನ ಚಳಿಯಲ್ಲಿ ಬಿಸಿನೀರಿನ ಬಾಟಲಿಯನ್ನು ಬಟ್ಟೆಯಲ್ಲಿ ಸುತ್ತಿ, ಪೆಟ್ಟಿಗೆಯ ಒಂದೇ ಬದಿಗೆ ಇಡಬೇಕು. ಕಾವು ಬೇಕಾದರೆ ಹತ್ತಿರ, ಸಾಕಾದರೆ ದೂರ ಸರಿಯಲು ಹಕ್ಕಿಗೆ ಅವಕಾಶವಿರಬೇಕಲ್ಲವೆ? ಪೆಟ್ಟಿಗೆಯ ಮೂರು ಬದಿಗೆ ತೆಳುವಾದ ಬಟ್ಟೆ ಹೊದಿಸಿ ಒಂದು ಬದಿಯನ್ನು ಗಾಳಿಗೆ ಬಿಡಬೇಕು. ಅದನ್ನು ತಲೆಯ ಮೇಲಿನ ಸಾಮಾನಿನ ಹಲಗೆಯಲ್ಲೋ ಆಸನದ ಕೆಳಗೋ ಇಡದೆ ತೊಡೆಯ ಮೇಲೆ ಇಟ್ಟುಕೊಳ್ಳಬೇಕು. ಎಂಜಿನ್ನಿನ ಬಳಿ, ಕಿಟಕಿಯ ಬಿರುಗಾಳಿಗೆ, ಬೀಡಿ ಊದಿನಕಡ್ಡಿಗಳ ಹೊಗೆಗೆ ಒಡ್ಡಬಾರದು.

ಟಿಕೇಟಿನ ಮಾತನ್ನು ಬಸ್ಸು ಹೊರಡುವ ಮೊದಲೇ ಕಂಡಕ್ಟರರಲ್ಲಿ ಕೇಳಿಕೊಳ್ಳಬೇಕು. 2024ರ ಮಾರ್ಚಿಯಲ್ಲಿ ಬೆಂಗಳೂರಿನಿಂದ ಮೈಸೂರಿಗೆ ಹೊರಟ ಸರಕಾರಿ ಬಸ್ಸಿನಲ್ಲಿ ಅಜ್ಜಿ ಮೊಮ್ಮಗಳು ಶಕ್ತಿ ಯೋಜನೆಯಂತೆ ಪುಕ್ಕಟೆ ಪ್ರಯಾಣ ಮಾಡಿದರೆ, ಅವರ ನಾಲ್ಕು ಲವ್ ಬರ್ಡ್‌ಗಳಿಗೆ 444 ರೂಪಾಯಿ ಟಿಕೇಟು ಹರಿದ ಸುದ್ದಿ ನಾಡನ್ನೆಲ್ಲ ನಗಿಸಿತ್ತು. ನಗೆಯ ಮಾತು ಹಾಗಿರಲಿ. ನಡುದಾರಿಯ ವಾಗ್ವಾದದ ಗದ್ದಲವಾದರೂ ಹಕ್ಕಿಗೆ ತಪ್ಪಲಿ.

ದವಾಖಾನೆಯಲ್ಲಿ ಸರದಿ ಬರುವವರೆಗೆ ನಾಯಿ ಬೆಕ್ಕುಗಳಿಂದ ದೂರ, ನೆಲದಿಂದ ಎತ್ತರದಲ್ಲಿ ಪೆಟ್ಟಿಗೆಯನ್ನು ಇಟ್ಟುಕೊಂಡು ಕೂಡಬೇಕು. ಒಳಗೆ ಹೋದ ಮೇಲೆ ವೈದ್ಯರು ಮೊದಲು ಮುಟ್ಟದೆಯೇ ನೋಡುವುದು ಒಳ್ಳೆಯ ಪದ್ಧತಿ. ಹಕ್ಕಿಯ ಉಸಿರು, ನಿಲುವು ಆಗಲೇ ಸರಿಯಾಗಿ ಕಾಣುತ್ತವೆ. ಮನೆಯಲ್ಲಿ ಮೊಬೈಲಿನಿಂದ ತೆಗೆದ ಒಂದು ನಿಮಿಷದ ಚಿತ್ರಣ, ದಿನವೂ ಹಾಕುವ ಕಾಳು, ಕೊಟ್ಟಿದ್ದರೆ ಹಿಂದಿನ ಮದ್ದು, ಇವು ಕೈಯಲ್ಲಿರಲಿ. ಎಂದಿನಿಂದ ಮೇವು ಬಿಟ್ಟಿದೆ, ಹೊಸ ಹಕ್ಕಿ ಮನೆಗೆ ಬಂದಿದೆಯೇ, ಅಂಟದ ಬಾಣಲೆಯನ್ನು ಬರಿದಾಗಿ ಕಾಯಿಸಿದ್ದುಂಟೇ ಎಂಬುದನ್ನೂ ಹೇಳಬೇಕು; ಅತಿಯಾಗಿ ಕಾದ ಅಂಥ ಬಾಣಲೆಯ ಹೊಗೆ ಹಕ್ಕಿಗೆ ಘೋರ ವಿಷ. ಪ್ರಶ್ನೋತ್ತರಗಳು ಮುಗಿದು, ತಕ್ಕಡಿ, ಮದ್ದು, ಸೂಜಿಗಳೆಲ್ಲ ಸಿದ್ಧವಾದ ಮೇಲೆ ಹಕ್ಕಿಯನ್ನು ಹೊರಗೆ ತೆಗೆಯಿರೆಂದು ವಿನಯದಿಂದ ಕೇಳಿಕೊಂಡರೆ ಯಾವ ವೈದ್ಯರೂ ಬೇಸರಿಸರು. ಕೈಯಲ್ಲಿ ಹಿಡಿದ ಪ್ರತಿ ನಿಮಿಷಕ್ಕೂ ಅದು ಬೆಲೆ ತೆರುತ್ತಿರುತ್ತದೆ. ಗ್ರಾಮಿನ ತಕ್ಕಡಿಯಲ್ಲಿ ತೂಗಿಸಿ ಬರೆದಿಟ್ಟುಕೊಳ್ಳಬೇಕು. 35 ಗ್ರಾಮಿನ ಹಕ್ಕಿ 3 ಗ್ರಾಂ ಇಳಿಯಿತೆಂದರೆ, 60 ಕಿಲೋ ತೂಕದ ಮನುಷ್ಯ 5 ಕಿಲೋ ಇಳಿದಂತೆ.

ಮರಳಿ ಬಂದ ಮೇಲೆ ಪಂಜರವನ್ನು ಮೊದಲಿನ ಸ್ಥಳದಲ್ಲಿಯೇ, ಕಾಳು ನೀರು ಹತ್ತಿರವಿರುವಂತೆ ಇಟ್ಟು, ನೆರೆಹೊರೆಯ ಮಕ್ಕಳನ್ನು ಆ ದಿನ ದೂರವಿಡಬೇಕು. ಮದ್ದನ್ನು ಹೇಳಿದಷ್ಟು ದಿನ ಪೂರ್ತಿ ಕೊಡಬೇಕು. ಗಿಣಿಜಾತಿಯ ಹಕ್ಕಿಗಳಿಂದ ಮನುಷ್ಯನಿಗೆ ಸಿಟಕೋಸಿಸ್ ಎಂಬ ಶ್ವಾಸಕೋಶದ ಜ್ವರ ತಗಲುವುದುಂಟು. ಆದ್ದರಿಂದ ಹಿಕ್ಕೆಯ ಕಾಗದವನ್ನು ತೊಯಿಸಿ ತೆಗೆದು, ಕೈಯನ್ನು ಸಾಬೂನಿನಿಂದ ತೊಳೆಯಬೇಕು. ಮನೆಯಲ್ಲಿ ಯಾರಿಗಾದರೂ ಜ್ವರ ಕೆಮ್ಮು ಬಂದರೆ, ಮನೆಯಲ್ಲಿ ಜಡ್ಡಾದ ಹಕ್ಕಿಯಿದೆಯೆಂದು ತಮ್ಮ ವೈದ್ಯರಿಗೆ ಹೇಳಬೇಕು.

ಕೊನೆಗೆ ಒಂದು ಆಕ್ಷೇಪಣೆಗೆ ಉತ್ತರ ಹೇಳುವುದು ಉಳಿದಿದೆ. ಜೋಡಿಗೆ ಕೆಲವು ನೂರು ರೂಪಾಯಿಗೆ ಸಿಗುವ ಹಕ್ಕಿಗೆ ಬಸ್ಸಿನ ಖರ್ಚು, ವೈದ್ಯರ ಖರ್ಚು, ಒಂದು ದಿನದ ಕೂಲಿ ಕಳೆಯುವುದು ಯಾವ ಜಾಣತನವೆಂದು ಹಿರಿಯರು ಕೇಳುತ್ತಾರೆ. ಕೂಲಿಯ ಬೆಲೆ ಬಲ್ಲ ಮನೆಯಿಂದಲೇ ಬಂದವನಾದ ನಾನು ಆ ಪ್ರಶ್ನೆಯನ್ನು ಹಗುರವಾಗಿ ತೆಗೆದುಕೊಳ್ಳಲಾರೆ. ಆದರೆ ಅದೇ ಹಿರಿಯರು ದುಡಿಯಲಾರದ ಮುದಿ ಎತ್ತನ್ನೂ ಹಕ್ಕೆಯಲ್ಲಿ ಕಟ್ಟಿ ಮೇವು ಹಾಕಿದ್ದನ್ನು ನಾವು ಕಂಡಿದ್ದೇವೆ. ಕಟ್ಟಿದವನೇ ಕಾಯಬೇಕೆಂಬುದು ಅವರ ಲೆಕ್ಕವಾಗಿತ್ತು. ಎತ್ತಿಗಾದರೂ ಕಣ್ಣಿ ಹರಿದುಕೊಂಡು ಹೊಲಕ್ಕೆ ಓಡುವ ಶಕ್ತಿಯುಂಟು. ಪಂಜರದ ಹಕ್ಕಿಗೆ ತನ್ನ ಬಯಲೂ ಇಲ್ಲ, ಹಿಂಡೂ ಇಲ್ಲ. ಬಾಗಿಲು ಹಾಕಿದವರ ಕೈಯೇ ಅದಕ್ಕೆ ಎಲ್ಲ. ಆ ಕೈ ಜಡ್ಡಿನ ದಿನ ಎಷ್ಟು ಮೆಲ್ಲಗೆ ಹಿಡಿಯುತ್ತದೆ ಎಂಬುದರ ಮೇಲೆ ಮೂವತ್ತು ಗ್ರಾಮಿನ ಒಂದು ಜೀವದ ಅಳಿವು ಉಳಿವು ನಿಂತಿದೆ. ಅಷ್ಟು ಮಾಡಲು ಮನಸ್ಸಿಲ್ಲದವರು ಪಂಜರವನ್ನು ಕೊಳ್ಳದಿರುವುದೇ ಲೇಸು.