ಕೈ ಬಿಟ್ಟರೂ ಇಳಿಯದ ರೇಸ್

ಮಣ್ಣಿನ ಟ್ರ್ಯಾಕಿನಲ್ಲಿ ದಿಬ್ಬ ಹಾರಿ ನೆಲ ಮುಟ್ಟಿದ ಸವಾರ ಮುಂದಿನ ತಿರುವಿಗೆಂದು ಎಕ್ಸಲರೇಟರ್ ಬಿಡುತ್ತಾನೆ. ಎಂಜಿನ್ ಸದ್ದು ಮಾತ್ರ ಇಳಿಯುವುದಿಲ್ಲ. ಆ ಗಳಿಗೆಯಲ್ಲಿ ಮಾಡಬೇಕಾದದ್ದು ಎರಡೇ: ಕ್ಲಚ್ ಪೂರ್ತಿ ಹಿಡಿಯುವುದು, ಕಿಲ್ ಸ್ವಿಚ್ ಒತ್ತುವುದು. ಕ್ಲಚ್ ಹಿಡಿದೊಡನೆ ಎಂಜಿನ್ ಎಷ್ಟೇ ಅರಚಿದರೂ ಅದರ ಬಲ ಹಿಂಚಕ್ರಕ್ಕೆ ತಲುಪದು. ಬರೀ ಬ್ರೇಕನ್ನು ನೆಚ್ಚಿಕೊಂಡರೆ ಅದು ಎಂಜಿನ್ ಜೊತೆ ಸೆಣಸಬೇಕಾಗುತ್ತದೆ.

ಎಕ್ಸಲರೇಟರ್ ತೆರೆಯುವುದು ಸವಾರನ ಕೈ, ಮುಚ್ಚುವುದು ಒಂದು ಪುಟ್ಟ ಸ್ಪ್ರಿಂಗ್. ಟೂ-ಸ್ಟ್ರೋಕ್ ಡರ್ಟ್ ಬೈಕುಗಳಲ್ಲಿ ಸಾಮಾನ್ಯವಾಗಿ ಇರುವುದು ಒಂದೇ ಕೇಬಲ್. ಕೇಬಲ್ ಎಳೆಯಬಲ್ಲದು, ತಳ್ಳಲಾರದು. ಹಾಗಾಗಿ ದಾರಿಯುದ್ದದ ಘರ್ಷಣೆಯನ್ನೆಲ್ಲ ಆ ಸ್ಪ್ರಿಂಗ್ ಒಂದೇ ಗೆಲ್ಲಬೇಕು. ಅನೇಕ ಫೋರ್-ಸ್ಟ್ರೋಕ್ ಬೈಕುಗಳಲ್ಲಿ ಮುಚ್ಚುವುದಕ್ಕೆಂದೇ ಎರಡನೇ ಕೇಬಲ್ ಇರುತ್ತದೆ.

ಈ ಘರ್ಷಣೆಯ ಲೆಕ್ಕ ಸ್ವಾರಸ್ಯವಾಗಿದೆ. ಗೂಟಕ್ಕೆ ಎರಡು ಸುತ್ತು ಹಾಕಿದ ಹಗ್ಗದ ತುದಿಯನ್ನು ಹುಡುಗನೊಬ್ಬ ಹಿಡಿದರೂ ಎಳೆಯುವ ಎತ್ತು ನಿಲ್ಲುತ್ತದೆ. ಗಣಿತಜ್ಞ ಲಿಯೋನಾರ್ಡ್ ಆಯ್ಲರ್ ಹೆಸರಿನ ಸೂತ್ರ ಹೇಳುವುದೂ ಇದನ್ನೇ: ಒಟ್ಟು ಬಾಗು ಹೆಚ್ಚಿದಂತೆ ಘರ್ಷಣೆಯ ಹಿಡಿತ ಗುಣಿಸುತ್ತಾ ಹೋಗುತ್ತದೆ. ಘರ್ಷಣಾಂಕ 0.2 ಎಂದುಕೊಂಡರೆ, ಒಟ್ಟು 180 ಡಿಗ್ರಿ ಬಾಗಿದ ಕೇಬಲನ್ನು ಎಳೆಯಲು ಸುಮಾರು 1.9 ಪಟ್ಟು ಬಲ ಬೇಕು. 360 ಡಿಗ್ರಿ ಬಾಗಿದ್ದರೆ 3.5 ಪಟ್ಟು. ಒಳಗೆ ತುಕ್ಕು, ಕೆಸರು ಸೇರಿದರೆ ಘರ್ಷಣಾಂಕವೇ ಏರುತ್ತದೆ. ಟ್ಯಾಂಕಿನಡಿ ಕೇಬಲನ್ನು ಹೇಗೆಂದರೆ ಹಾಗೆ ತುರುಕುವುದು ಸಣ್ಣ ತಪ್ಪಲ್ಲ.

ಕಾರ್ಬುರೇಟರ್ ಒಳಗೂ ಒಂದು ತೊಡಕಿದೆ. ರೇಸ್ ಇಳಿಸುವಾಗ ಎಂಜಿನ್ ಕಡೆಯ ನಿರ್ವಾತವು ಸ್ಲೈಡನ್ನು, ಅಂದರೆ ಕೇಬಲ್ ಎತ್ತಿ ಇಳಿಸುವ ಗಾಳಿದಾರಿಯ ಬಾಗಿಲನ್ನು, ಗೋಡೆಗೆ ಒತ್ತಿ ಹಿಡಿಯುತ್ತದೆ. ಸವೆದ ಸ್ಲೈಡಿನ ಮೇಲೆ ಮರಳಿನ ಒಂದು ಕಣ ಸಿಕ್ಕಿದರೂ ಸ್ಲೈಡ್ ಅಲ್ಲೇ ನಿಂತೀತು. ಕೆಯ್‌ಹಿನ್ ಎಫ್‌ಸಿಆರ್ ಕಾರ್ಬುರೇಟರಿನ ಸ್ಲೈಡಿಗೆ ರೋಲರುಗಳನ್ನು ಕೂರಿಸಿರುವುದು ಇದಕ್ಕಾಗಿಯೇ.

ಆದರೆ ಮೊದಲು ನೋಡಬೇಕಾದ್ದು ಹಿಡಿಕೆಯನ್ನು. ಬೈಕ್ ಬಲಕ್ಕೆ ಬಿದ್ದಾಗ ಹಿಡಿಕೆಯ ರಬ್ಬರ್ ಒಳಸರಿದು ಹ್ಯಾಂಡಲ್ ತುದಿಗೆ ಉಜ್ಜತೊಡಗುತ್ತದೆ. ಹ್ಯಾಂಡ್‌ಗಾರ್ಡ್ ಹಾಕಿಸಿದವರಲ್ಲೂ ಇದು ಸಾಮಾನ್ಯ. ಅಲ್ಲಿಗೆ ಗ್ರೀಸ್ ಮೆತ್ತಿದರೆ ಧೂಳು ಅಂಟಿ ಕಾಟ ಹೆಚ್ಚುತ್ತದೆ. ಒರೆಸಿ ಒಣಗಿಸಿಡುವುದೇ ಲೇಸು.

ಹೊರಡುವ ಮುನ್ನ ಎಂಜಿನ್ ಆರಿಸಿ, ಹ್ಯಾಂಡಲನ್ನು ಎಡತುದಿಗೆ, ಬಲತುದಿಗೆ, ನಡುವಿಗೆ ತಿರುಗಿಸಿ, ಪ್ರತಿ ಸಲವೂ ಎಕ್ಸಲರೇಟರ್ ಪೂರ್ತಿ ತಿರುಚಿ ಬಿಡಿ. ಟಪ್ಪೆಂದು ಹಿಂದಿರುಗಬೇಕು. ಕೇಬಲಿನ ಒಂದೇ ಒಂದು ಎಳೆ ತುಂಡಾಗಿ ಚುಚ್ಚುತ್ತಿದ್ದರೂ ಎಣ್ಣೆ ಬಿಟ್ಟು ಸಾಗಹಾಕಬೇಡಿ, ಹೊಸದನ್ನೇ ಹಾಕಿಸಿ.